ಕಿಸೆಯೊಳಗಿನ ಕಿಟಿಕಿಟಿ

ತೆರೆದು ಅಲ್ಲಾಡಿಸಿದರೆ ಕಿಟಿಕಿಟಿ, ಮಡಚಿ ಅಲ್ಲಾಡಿಸಿದರೆ ಮೌನ. ನನ್ನ ಚಾಕುವಿಗೆ ಅಂಟಿದ ರೋಗ ಇದು. "ಅಲ್ಲಾಡಿಸ್ತಾ ಕೂರದಿದ್ರೆ ಸದ್ದೇ ಬರಲ್ವಲ್ಲ" ಎಂದಳು ಮನೆಯವಳು. ನ್ಯಾಯವಾದ ಮಾತೇ. ಆದರೆ ಒಮ್ಮೆ ಕಿವಿಗೆ ಬಿದ್ದ ಸದ್ದು ಸುಮ್ಮನೆ ಬಿಟ್ಟುಹೋಗುತ್ತದೆಯೇ?

ಪೋರ್ಟ್‌ಲ್ಯಾಂಡಿಗೆ ಬಂದ ಹೊಸತರಲ್ಲಿ ಕೊಂಡದ್ದು. ಈ ಊರಲ್ಲಿ ಪಾರ್ಸೆಲ್ ಡಬ್ಬ ಬಿಚ್ಚುವುದೇ ಅರ್ಧ ಸಂಸಾರ. ಅಲಗಿನ ಬುಡದಲ್ಲಿ ಪುಟ್ಟ ಕೊಂಬೊಂದಿದೆ. ಬೆರಳಲ್ಲಿ ತುಸು ತಳ್ಳಿದರೆ ಸಾಕು, ಉಳಿದದ್ದನ್ನು ಒಳಗಿನ ಸ್ಪ್ರಿಂಗ್ ನೋಡಿಕೊಳ್ಳುತ್ತದೆ: ಚಟ್! ಸಾಗರದಿಂದ ಬಂದಿದ್ದ ಅಪ್ಪಯ್ಯ ಮೊದಲ ಸಲ ತಳ್ಳಿ ಬೆಚ್ಚಿಬಿದ್ದರು. "ಅಲ್ವೋ, ಇದು ನಾನು ಬಿಚ್ಚಿದ್ದೋ, ತಾನೇ ಬಿಚ್ಚಿಕೊಂಡಿದ್ದೋ?"

ಅಮೆರಿಕದ ಸಂಸತ್ತು ಅರ್ಧ ಶತಮಾನ ತಿಣುಕಿದ್ದು ಇದೇ ಪ್ರಶ್ನೆಗೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಇಟಲಿಯಿಂದ ಗುಂಡಿಚಾಕುಗಳನ್ನು ತಂದರು. 1950ರಲ್ಲಿ ಮಹಿಳಾ ಪತ್ರಿಕೆಯೊಂದು ಅದನ್ನು ಕೊಲ್ಲುವ ಆಟಿಕೆ ಎಂದು ಕರೆದು ತಾಯಂದಿರ ನಿದ್ದೆಗೆಡಿಸಿತು. 1955ರಲ್ಲಿ 'ರೆಬೆಲ್ ವಿದೌಟ್ ಎ ಕಾಸ್' ಚಿತ್ರದ ಹುಡುಗರು ತೆರೆಯ ಮೇಲೆ ಚಾಕು ಹಿಡಿದು ಕಾದಾಡಿದರು. 1958ಕ್ಕೆ ಕಾನೂನೇ ಬಂತು: ಹಿಡಿಯ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಚಾಕುವನ್ನು ರಾಜ್ಯದಿಂದ ರಾಜ್ಯಕ್ಕೆ ವ್ಯಾಪಾರ ಮಾಡುವಂತಿಲ್ಲ.

ಗುಂಡಿಯೇ ಇಲ್ಲದಿದ್ದರೆ? 1990ರ ದಶಕದಲ್ಲಿ ಬ್ಲ್ಯಾಕೀ ಕಾಲಿನ್ಸ್, ಹವಾಯಿಯ ಕೆನ್ ಆನಿಯನ್ ಮುಂತಾದ ಕುಶಲಿಗರು ಹಿಡಿದದ್ದು ಈ ಸಂದನ್ನೇ. ಮೊದಲ ತಳ್ಳು ಬೆರಳಿನದು, ಅದೂ ಅಲಗಿನ ಮೇಲೆಯೇ. ಮಡಚಿರುವಾಗ ಅಲಗನ್ನು ಮುಚ್ಚಿಹಿಡಿಯುವ ಸ್ಪ್ರಿಂಗೇ ಒಂದು ಹಂತ ದಾಟಿದ ಮೇಲೆ ಪಕ್ಷ ಬದಲಿಸಿ ಹೊರಕ್ಕೆ ಎಸೆಯುತ್ತದೆ. ನಮ್ಮ ಶಾಸಕರಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ! 2009ರಲ್ಲಿ ಕಸ್ಟಮ್ಸ್ ಇಲಾಖೆ ಇವನ್ನೂ ನಿಷೇಧದ ಪಟ್ಟಿಗೆ ಎಳೆಯಲು ಹೊರಟಾಗ ಗಲಾಟೆಯಾಗಿ, ಅದೇ ವರ್ಷ ಸಂಸತ್ತು ತಿದ್ದುಪಡಿ ತಂದಿತು. ಮುಚ್ಚಿರುವ ಕಡೆಗೆ ಒಲವಿದ್ದು, ಕೈಯ ಬಲದಿಂದಲೇ ತೆರೆಯಬೇಕಾದ ಚಾಕು ಪಾರಾಯಿತು. ಅಂದರೆ ಅಪ್ಪಯ್ಯನೇ ಬಿಚ್ಚಿದ್ದು. ರಾಜ್ಯಗಳ ಕಾನೂನು ಬೇರೆ ಬೇರೆ, ಆ ಗೋಜಲು ಇಲ್ಲಿ ಬೇಡ.

ಅಷ್ಟು ದೊಡ್ಡ ತರ್ಕವನ್ನು ಹೊತ್ತ ನನ್ನ ಚಾಕುವಿನ ಸ್ಪ್ರಿಂಗ್ ಒಂದು ಬಾಗಿದ ಉಕ್ಕಿನ ತಂತಿ. ಮಡಚಿದಾಗ ಅದು ಬಿಗಿದುಕೊಂಡಿರುತ್ತದೆ, ಸದ್ದಿಲ್ಲ. ಅಲಗು ಪೂರ್ತಿ ಹೊರಬಂದಾಗ ಬಿಗಿ ಇಳಿದು, ತನ್ನ ತೋಡಿನಲ್ಲೇ ಹಲ್ಲು ಕಡಿಯುತ್ತದೆ. ಜಾಡು ಸಿಕ್ಕ ಮೇಲೆ ಕೆಲಸ ಸುಲಭ. ಬಿಚ್ಚುವಾಗ ತಂತಿ ಹಾರಿ ಸೋಫಾದಡಿ ಸೇರಬಾರದೆಂದು ಕೈಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗಿಟ್ಟುಕೊಂಡು ನಕ್ಷತ್ರದ ತಲೆಯ ಸ್ಕ್ರೂಗಳನ್ನು ತಿರುಗಿಸಿದೆ. ತಂತಿಯನ್ನು ಬಗ್ಗಿಸುವವರೂ ಇದ್ದಾರೆ. ಹದ ಕೊಟ್ಟ ಉಕ್ಕು ಮುರಿದರೆ ಯಾರು ಹೊಣೆ? ತೋಡಿಗೆ ದಪ್ಪ ಗ್ರೀಸು ಬಳಿದು ಕೂರಿಸಿದೆ.

ಉಳಿದದ್ದು ಅಲಗು ತಿರುಗುವ ನಡುವಿನ ಸ್ಕ್ರೂ. ಅಜ್ಜ ಅಡಕತ್ತರಿ ಸಡಿಲಾದಾಗ ಅದರ ಮೊಳೆಗೆ ಸುತ್ತಿಗೆಯಲ್ಲಿ ಒಂದೇ ಪೆಟ್ಟು ಕೊಟ್ಟು, ತೆರೆದು ಮುಚ್ಚಿ ನೋಡಿ, ಸಾಕು ಎನ್ನುತ್ತಿದ್ದರು. ಇಲ್ಲೂ ಅದೇ ಲೆಕ್ಕ. ಬಿಗಿ ಹೆಚ್ಚಾದರೆ ಅಲಗು ಅರ್ಧದಲ್ಲೇ ನಿಲ್ಲುತ್ತದೆ, ಕಡಿಮೆಯಾದರೆ ಅಡ್ಡಕ್ಕೆ ಆಡುತ್ತದೆ. ಕೂದಲೆಳೆಯಷ್ಟು ಸಡಿಲ ಬಿಟ್ಟು, ಸ್ಕ್ರೂ ಕಳಚದಂತೆ ನೀಲಿ ಅಂಟಿನ ಹನಿ ಹಾಕಿದೆ.

ಅಪ್ಪಯ್ಯ ಅದರಲ್ಲಿ ಸೇಬು ಹೆಚ್ಚಿದರು. ಸದ್ದಿನ ಬಗ್ಗೆ ಚಕಾರವಿಲ್ಲ. ಸ್ಪ್ರಿಂಗಿನ ಎದುರು ಬಲ ಹಾಕಿ ಮಡಚುತ್ತಾ, "ಬಿಚ್ಚಕ್ಕೆ ಸಹಾಯ ಮಾಡತ್ತೆ, ಮಡಚಕ್ಕೆ ಯಾಕೆ ಮಾಡಲ್ಲ?" ಎಂದು ಕೇಳಿದರು.