ಕೊಕ್ಕೆಯಲ್ಲಿ ತೂಗುತ್ತಿದ್ದ ಕತ್ತಿ

ನಮ್ಮ ಮಲೆನಾಡಿನ ಕಡೆ ಹುಡುಗರ ಮೊದಲ ಕತ್ತಿ ಅಂಗಡಿಯಿಂದ ಬರುತ್ತಿರಲಿಲ್ಲ. ದೊಡ್ಡವರದ್ದು ಮಸೆದು ಮಸೆದು ಸವೆದಾಗ ಆಚಾರಿ ಅದಕ್ಕೊಂದು ಗಿಡ್ಡ ಹಿಡಿ ಹಾಕಿಕೊಡುತ್ತಿದ್ದರು. ನನಗೆ ಸಿಕ್ಕಿದ್ದೂ ಅಜ್ಜನ ಅಂಥದೇ ಒಂದು ಕತ್ತಿ. ಸೊಂಟದ ಹಿಂದೆ ಕೊಕ್ಕೆ ಕಟ್ಟಿ, ಅದರಲ್ಲಿ ಕತ್ತಿ ಸಿಗಿಸಿ ತೋಟಕ್ಕೆ ಇಳಿದರೆ ಕೆಲಸದವರೂ ಗಂಭೀರವಾಗಿ ಮಾತಾಡಿಸುತ್ತಿದ್ದರು.

ಕತ್ತಿಯ ಜೊತೆಗೇ ಪಾಠ. ‘ಕೈಯಿಂದ ಕೈಗೆ ಕೊಡಬೇಡ ಮಾರಾಯ, ಜಗಳ ಆಗ್ತದೆ, ನೆಲಕ್ಕಿಡು, ಅವರೇ ತಗೊಳ್ಳಲಿ’ ಎನ್ನುತ್ತಿದ್ದರು ಅಜ್ಜ. ಕಾಲಿನ ಕಡೆಗೆ ಕಡಿಯಬಾರದು. ಬಾಯಿ ಮೇಲೆ ಮಾಡಿ ಇಡಬಾರದು. ಸಂಜೆ ಬೆಣಚುಕಲ್ಲಿನ ಪುಡಿಯನ್ನು ಮರದ ಹಲಗೆಗೆ ಉದುರಿಸಿ, ಅಲಗನ್ನು ಮಲಗಿಸಿ ಮಸೆಯಬೇಕು. ಹರಿತ ನೋಡಲು ಹೆಬ್ಬೆರಳನ್ನು ಅಡ್ಡಕ್ಕೇ ಸವರಬೇಕು, ಉದ್ದಕ್ಕೆ ಎಳೆದರೆ ರಕ್ತ.

ಆದರೆ ನಿಜವಾದ ವಿದ್ಯೆ ಇದ್ದದ್ದು ಕುಲುಮೆಯಲ್ಲಿ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ಬಾಗಿಸುತ್ತಿದ್ದರು. ಕೊನೆಗೆ ಹದ ಹಾಕುವ ಹೊತ್ತಿಗೆ ಆಚಾರಿ ಮಾತು ನಿಲ್ಲಿಸುತ್ತಿದ್ದರು. ಕೆಂಪಾದ ಕತ್ತಿಯ ಬಾಯನ್ನಷ್ಟೇ ನೀರಿಗೆ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ, ಮಬ್ಬು ಬೆಳಕಿನಲ್ಲಿ ಹಿಡಿದು ನೋಡುವರು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಯತ್ತ ಹರಿಯುತ್ತಿದ್ದಂತೆ ಕಬ್ಬಿಣದ ಮೇಲೆ ಬಣ್ಣ ಏರುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಬೇಕಾದ ಬಣ್ಣ ಬಂದ ಕ್ಷಣವೇ ಮತ್ತೆ ನೀರಿಗೆ. ಗಡಸು ಹೆಚ್ಚಾದರೆ ಬಾಯಿ ಚಕ್ಕೆ ಹಾರುತ್ತದೆ, ಮೆತ್ತಗಾದರೆ ಮಡಚುತ್ತದೆ. ಆ ಬಣ್ಣವನ್ನು ಗುರುತಿಸುವ ಕಣ್ಣು ಬರಲು ವರ್ಷಗಟ್ಟಲೆ ತಿದಿ ಒತ್ತಬೇಕಿತ್ತು.

ಈಗ ತಿದಿ ಒತ್ತುವವರಿಲ್ಲ. ಇದ್ದಿಲು ಸಿಗುವುದು ಕಷ್ಟ. ಆಚಾರಿಗಳ ಮಕ್ಕಳು ಪೇಟೆಯಲ್ಲಿ ವೆಲ್ಡಿಂಗ್ ಮಾಡುತ್ತಾರೆ. ಅವರನ್ನು ದೂರುವಂತೆಯೂ ಇಲ್ಲ, ವರ್ಷಕ್ಕೊಮ್ಮೆ ಒಂದಿಷ್ಟು ಭತ್ತ ಅಳೆದುಕೊಟ್ಟು ನಾವು ಆ ವಿದ್ಯೆಯನ್ನು ಅಗ್ಗಕ್ಕೆ ಉಂಡೆವು. ಅಡಿಕೆ ಸುಲಿಯಲು ಯಂತ್ರ ಬಂದು, ಸುಗ್ಗಿಯ ರಾತ್ರಿ ಹೆಂಗಸರು ಸಾಲಾಗಿ ಕೂರುತ್ತಿದ್ದ ಮೆಟ್ಟುಗತ್ತಿಗಳು ಅಟ್ಟ ಸೇರಿವೆ. ಕೊಡಗಿನಲ್ಲಿ ಮದುವೆಯ ಪೀಚೆಕತ್ತಿಗೂ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಒಡಿಕತ್ತಿಗೂ ಇನ್ನೂ ಗೌರವವಿದೆ. ಪೂಜೆಯ ಕತ್ತಿ ಹೇಗೋ ಉಳಿದೀತು. ಸೊಪ್ಪು ಕಡಿಯುವ ಕತ್ತಿಗೆ ಆ ಆಸರೆ ಇಲ್ಲ. ಆಯುಧಪೂಜೆಯ ದಿನ ನಮ್ಮಲ್ಲಿ ಕುಂಕುಮ ಈಗ ಬೈಕಿಗೆ, ಕಳೆ ಕತ್ತರಿಸುವ ಯಂತ್ರಕ್ಕೆ.

ಮಕ್ಕಳಿಗೆ ನಾವು ಹೇಳುವುದು ಒಂದೇ ಮಾತು, ಚಾಕು ಮುಟ್ಟಬೇಡ. ಹಿಡಿಯುವುದು ಹೇಗೆಂದು ಯಾರೂ ಹೇಳಿಕೊಡುತ್ತಿಲ್ಲ. ಇದು ನನಗೆ ದೊಡ್ಡ ನಷ್ಟವಾಗಿಯೇ ಕಾಣುತ್ತದೆ.

ನಿಮ್ಮೂರಿನ ಆಸುಪಾಸಿನಲ್ಲಿ ಇನ್ನೂ ಒಂದು ಕುಲುಮೆ ಉರಿಯುತ್ತಿದ್ದರೆ, ಹೋಗಿ ಒಂದು ಕತ್ತಿ ಮಾಡಿಸಿಕೊಳ್ಳಿ. ಚೌಕಾಸಿ ಬೇಡ. ಹದ ಹಾಕುವ ಹೊತ್ತಿಗೆ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.