ರೈನ್ ನದಿಯ ತೀರದಲ್ಲಿ ನಮ್ಮ ಸಂಸಾರ

ಭದ್ರಾವತಿಗೆ ಪೂರ್ವದಲ್ಲಿ ಬೆಂಕಿಪುರವೆಂಬ ಹೆಸರಿದ್ದಿತೆಂಬುದನ್ನು ನಮ್ಮ ಕಡೆಯ ಹಿರಿಯರೆಲ್ಲರೂ ಬಲ್ಲರು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1918ರಲ್ಲಿ ಮೊದಲಾಗಿ, 1923ರಲ್ಲಿ ಕಬ್ಬಿಣವನ್ನು ಹೊರತಂದ ಕಾರ್ಖಾನೆಯು ಆ ಹಳೆಯ ಹೆಸರನ್ನು ಅನ್ವರ್ಥಗೊಳಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರೆಯ ನೀರು ಇವು ಮೂರೂ ಅಲ್ಲಿ ಕೂಡಿದವು. ನನ್ನ ತಂದೆಯವರು ಅಲ್ಲಿ ಮೂವತ್ತು ವರ್ಷ ಲೆಕ್ಕ ಬರೆದರು. ನಾನು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಸ್ಸನ್ನು ಕಳೆದೆನು. ನನ್ನ ಮಗನಾದರೋ ಲೋಹಶಾಸ್ತ್ರವನ್ನು ಓದಿ, ಊರಿನ ಕುಲುಮೆಯು ಮಂಕಾಗುತ್ತ ಬಂದ ಕಾಲದಲ್ಲಿ, ಹೆಂಡತಿ ಮತ್ತು ಕೈಗೂಸಿನೊಡನೆ ಜರ್ಮನಿಗೆ ಹೊರಟುಹೋದನು. ಅವನಿರುವ ಪಟ್ಟಣ ಡ್ಯೂಸ್‌ಬುರ್ಗ್. ಬರೆಯುವಾಗ ನಡುವೆ ಇರುವ ಒಂದು ಇಕಾರವನ್ನು ಅಲ್ಲಿಯವರು ಉಚ್ಚರಿಸುವುದಿಲ್ಲ. ವ್ಯಾಕರಣದ ಅಭ್ಯಾಸವುಳ್ಳ ನನಗೆ ಈ ಅನ್ಯಾಯವು ಕೊನೆಯವರೆಗೂ ಸಹ್ಯವಾಗಲಿಲ್ಲ.

2024ರ ಆಗಸ್ಟ್ ತಿಂಗಳ ನಡುವಿನಲ್ಲಿ ನಾನೂ ನನ್ನ ಮನೆಯವರೂ ಅಲ್ಲಿಗೆ ಹೋದೆವು. ಸಂದರ್ಶಕರಿಗೆ ತೊಂಬತ್ತು ದಿನಗಳ ಮೇಲೆ ಒಂದು ದಿನವನ್ನೂ ಕೊಡರು. ಮೊದಲನೆಯ ದಿನವೇ ನನಗೆ ಧರ್ಮಸಂಕಟವೊದಗಿತು. ಸಾಯಂಸಂಧ್ಯೆಗೆಂದು ಕೈಕಾಲು ತೊಳೆದು ಆರೂವರೆಗೆ ಕುಳಿತರೆ, ಕಿಟಕಿಯ ಹೊರಗೆ ನಮ್ಮೂರಿನ ಅಪರಾಹ್ನದಂತಹ ಬಿಸಿಲು! ಸೂರ್ಯನು ಅಸ್ತಮಿಸಿದ್ದು ಹೆಚ್ಚುಕಡಿಮೆ ಒಂಬತ್ತು ಗಂಟೆಗೆ. "ಊಟ ಮಾಡಿ ಸಂಧ್ಯಾವಂದನೆಯೋ, ಸಂಧ್ಯಾವಂದನೆ ಮಾಡಿ ಊಟವೋ, ಬೇಗ ತೀರ್ಮಾನಿಸಿರಿ" ಎಂದು ನನ್ನ ಮನೆಯವರು ಎಲೆಯ ಮುಂದೆ ಕಾದು ಬೇಸತ್ತು ಹೇಳಿದರು. ಅಕ್ಟೋಬರ್ ಕೊನೆಯ ಭಾನುವಾರ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ಆಮೇಲೆ ಐದೂಕಾಲಿಗೇ ಕತ್ತಲೆ. ಪಂಚಾಂಗವೇ ಪ್ರಮಾಣವೆಂದು ನಂಬಿದವನು ಇಂತಹ ದೇಶದಲ್ಲಿ ಬಹಳ ತಗ್ಗಿ ನಡೆಯಬೇಕಾಗುವುದು.

ನಾವು ತಲುಪಿದ ವಾರದಲ್ಲಿಯೇ ಮೊಮ್ಮಗಳು ಮೊದಲನೆಯ ತರಗತಿಗೆ ಸೇರಿದಳು. ಅಂದು ಪ್ರತಿಯೊಂದು ಮಗುವೂ ತನ್ನ ಎದೆಯೆತ್ತರದ, ಬಣ್ಣದ ಕಾಗದದ ಕೊಳವೆಯೊಂದನ್ನು ಅಪ್ಪಿಕೊಂಡು ಶಾಲೆಗೆ ಬರುವುದು. ಅದರೊಳಗೆ ಮಿಠಾಯಿ, ಪೆನ್ಸಿಲು, ಆಟಿಕೆಗಳು. ನಮ್ಮಲ್ಲಿ ತಟ್ಟೆಯ ಅಕ್ಕಿಯ ಮೇಲೆ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸಿ ಕಲ್ಲುಸಕ್ಕರೆ ಹಂಚುವೆವಷ್ಟೆ. ವಿದ್ಯೆಯ ಬಾಗಿಲಿನಲ್ಲಿ ಸಿಹಿಯಿರಬೇಕೆಂಬ ಬುದ್ಧಿ ಅವರಿಗೂ ಬಂದಿದೆ. ಆದರೆ ಎರಡು ವಾರ ಕಳೆಯುವುದರೊಳಗೆ ಸೊಸೆಗೆ ಚಿಂತೆ ಹತ್ತಿತು. "ಮಾವ, ಇಪ್ಪತ್ತೈದು ಬರೆ ಅಂದ್ರೆ ಐವತ್ತೆರಡು ಬರೀತಾಳೆ, ನೋಡಿ" ಎಂದಳು. ಕಾರಣವು ಸ್ಪಷ್ಟವೇ. ಜರ್ಮನರು ಐದನ್ನು ಮೊದಲು ಹೇಳಿ ಇಪ್ಪತ್ತನ್ನು ಅನಂತರ ಹೇಳುವರು. ಮನೆಯಲ್ಲಿ ಕನ್ನಡದ ಕ್ರಮ ಒಂದು, ಶಾಲೆಯ ಕ್ರಮ ಇನ್ನೊಂದು. ನಡುವೆ ಕೂಸು ಬಡವಾಯಿತು. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಪಂಚವಿಂಶತಿಃ ಅನ್ನು. ಸಂಸ್ಕೃತದಲ್ಲೂ ಐದೇ ಮೊದಲು ಬರುತ್ತೆ" ಎಂದೆನು. ಅವಳು ಕಣ್ಣರಳಿಸಿ, "ತಾತ, ನಿಂಗೆ ನಮ್ಮ ಟೀಚರ್ ಹೇಳಿಕೊಟ್ರಾ?" ಎಂದು ಕೇಳಿದಳು. ನನ್ನ ಮೂವತ್ತಾರು ವರ್ಷದ ಅಧ್ಯಾಪನವು ಇಷ್ಟು ನೇರವಾಗಿ ಎಂದೂ ಫಲಿಸಿದ್ದಿಲ್ಲ.

ಆ ದೇಶದವರ ಅಚ್ಚುಕಟ್ಟನ್ನು ಕುರಿತು ಎಲ್ಲರೂ ಹೇಳುವುದುಂಟು. ನಾನು ಪೆಟ್ಟು ತಿಂದು ಕಲಿತೆನು. ಕಾಗದಕ್ಕೆ ನೀಲಿ ತೊಟ್ಟಿ, ಅಡಿಗೆಮನೆಯ ಹಸಿಕಸಕ್ಕೆ ಕಂದು, ಪೊಟ್ಟಣಗಳಿಗೆ ಹಳದಿ. ಗಾಜಿನ ಸೀಸೆಗಳಿಗೆ ಬೀದಿಯ ಕೊನೆಯಲ್ಲಿ ಬೇರೆಯೇ ಪೆಟ್ಟಿಗೆ. ಪಾನೀಯದ ಪ್ಲಾಸ್ಟಿಕ್ ಸೀಸೆಯನ್ನಾದರೋ ಅಂಗಡಿಗೆ ಹಿಂದಿರುಗಿಸಿದರೆ ಇಪ್ಪತ್ತೈದು ಸೆಂಟುಗಳು ಮರಳುವುವು. ಒಂದು ಭಾನುವಾರ ಉಪ್ಪಿನಕಾಯಿಯ ಬರಿದಾದ ಸೀಸೆಗಳನ್ನು ಒಯ್ದು ಆ ಪೆಟ್ಟಿಗೆಗೆ ಹಾಕಿದೆನು. ಒಳಗೆ ಸೀಸೆ ಒಡೆದ ಸದ್ದಿಗೆ ಎದುರು ಮನೆಯ ಕಿಟಕಿ ತೆರೆಯಿತು. ವೃದ್ಧೆಯೊಬ್ಬರು ಏನನ್ನೋ ಕಟುವಾಗಿ ನುಡಿದರು. ಭಾನುವಾರ ಅಲ್ಲಿ ಅಂಗಡಿಗಳಿಗೆ ರಜೆ, ಸದ್ದಿಗೂ ರಜೆ. ಮಗನು ಹೋಗಿ ಕ್ಷಮೆ ಕೇಳಿ ಬಂದನು. ಮಾರನೆಯ ದಿನ ಆಕೆಯೇ ತಮ್ಮ ತೋಟದ ನೀಲವರ್ಣದ ಹಣ್ಣುಗಳನ್ನು ಬುಟ್ಟಿಯಲ್ಲಿ ತಂದರು. ಆಕೆಯ ಗಂಡ ಮೈಡೆರಿಶ್ ಎಂಬಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಬೆಂಕಿ ಆರುವವರೆಗೂ ದುಡಿದವರಂತೆ. ನನ್ನ ತಂದೆಯವರೂ ಅಂತಹ ಕಾರ್ಖಾನೆಯವರೇ ಎಂದು ಮಗನು ಭಾಷಾಂತರಿಸಿ ಹೇಳಲು, ಆಕೆ ನನ್ನ ಕೈಯನ್ನು ಹಿಡಿದು ಕುಲುಕಿ, ಬಹಳ ಹೊತ್ತು ಬಿಡಲಿಲ್ಲ.

ಆ ಕಾರ್ಖಾನೆಯನ್ನು ನೋಡಲು ಮಗನು ನನ್ನನ್ನು ಕರೆದೊಯ್ದನು. ಔಗುಸ್ಟ್ ಥೀಸನ್ ಎಂಬ ಉದ್ಯಮಿ 1901ರಲ್ಲಿ ಸ್ಥಾಪಿಸಿದ್ದು, 1985ರಲ್ಲಿ ಮುಚ್ಚಿತು. ಅಲ್ಲಿಯವರು ಅದನ್ನು ಕಿತ್ತು ಗುಜರಿಗೆ ಹಾಕಲಿಲ್ಲ. ಪೇಟರ್ ಲಾಟ್ಸ್ ಎಂಬ ಉದ್ಯಾನಶಿಲ್ಪಿಯ ಯೋಜನೆಯಂತೆ ಇಡೀ ಕಾರ್ಖಾನೆಯನ್ನೇ ಉದ್ಯಾನವನ್ನಾಗಿ ಮಾಡಿ 1994ರಲ್ಲಿ ಜನಕ್ಕೆ ತೆರೆದರು. ಅದಿರು ಸುರಿಯುತ್ತಿದ್ದ ಗೋಡೆಗಳನ್ನು ಈಗ ತರುಣರು ಹಗ್ಗ ಕಟ್ಟಿ ಹತ್ತುವರು. ಅನಿಲ ತುಂಬಿರುತ್ತಿದ್ದ ಬೃಹತ್ಪಾತ್ರೆಯಲ್ಲಿ ನೀರು ತುಂಬಿಸಿ ಮುಳುಗುವುದನ್ನು ಕಲಿಯುವರು. ಐದನೆಯ ಊದುಕುಲುಮೆಯ ಮೇಲಕ್ಕೆ ಮೆಟ್ಟಿಲುಗಳಿವೆ. ಎತ್ತರ ಸುಮಾರು ಎಪ್ಪತ್ತು ಮೀಟರು. ಮೊಣಕಾಲನ್ನು ಬೇಡಿಕೊಳ್ಳುತ್ತ ಹತ್ತಿದೆನು. ಮೇಲಿನಿಂದ ನೋಡಲು, ತುಕ್ಕುಹಿಡಿದ ಕೊಳವೆಗಳ ನಡುವೆ ಭೂರ್ಜವೃಕ್ಷಗಳು ತಾವಾಗಿಯೇ ಬೆಳೆದಿದ್ದವು. ದೂರದಲ್ಲಿ ಇನ್ನೂ ಹೊಗೆಯುಗುಳುವ ಉಕ್ಕಿನ ಕಾರ್ಖಾನೆಗಳು. ನನಗೆ ನಮ್ಮ ಊರು ಕಣ್ಣಿಗೆ ಕಟ್ಟಿತು. 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಯಲ್ಲಿ 2015ರಿಂದ ಕೆಲಸ ನಿಂತಿತು; ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಉದ್ಯಾನ ಚೆನ್ನಾಗಿದೆ, ಒಪ್ಪಿದೆನು. ಉದ್ಯಾನದಲ್ಲಿ ಸಂಬಳ ಬರುವುದಿಲ್ಲವೆಂಬುದನ್ನೂ ಆ ವೃದ್ಧೆಯ ಮುಖದಲ್ಲಿ ಕಂಡಿದ್ದೆನು.

ಅಲ್ಲಿಯೇ ಮಗನು ಮಾತು ತೆಗೆದನು. "ಅಪ್ಪಾ, ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕೋಣಾಂತ ಇದೀವಿ. ನಿಮ್ಮನ್ನ ಕೇಳದೆ ಹಾಕಬಾರದು ಅಂತ ನಿಲ್ಲಿಸಿದೀನಿ." 2024ರ ಜೂನ್ 27ರಿಂದ ಜಾರಿಗೆ ಬಂದ ಶಾಸನದಂತೆ, ಐದು ವರ್ಷ ವಾಸವಿದ್ದವರು ಅರ್ಜಿ ಹಾಕಬಹುದು, ಮೊದಲಿನ ಪೌರತ್ವವನ್ನು ಬಿಡಬೇಕೆಂದು ಜರ್ಮನರು ಕೇಳುವುದಿಲ್ಲ. ನಮ್ಮ ಭಾರತದ ಶಾಸನವಾದರೋ ಎರಡನ್ನು ಒಪ್ಪದು. ಇಲ್ಲಿಯ ಪಾಸ್‌ಪೋರ್ಟನ್ನು ಒಪ್ಪಿಸಿಬಿಡಬೇಕು. ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ: "ನಮ್ಮಿಬ್ಬರಲ್ಲಿ ಒಬ್ಬರು ಹೋದರೆ, ನೀನು ಬರೋದಕ್ಕೆ ವೀಸಾಕ್ಕೆ ಕಾಯಬೇಕೇನಪ್ಪ?" ಸಾಗರೋತ್ತರ ನಾಗರಿಕರ ಚೀಟಿಯೊಂದುಂಟು, ಅದಿದ್ದರೆ ಕಾಯಬೇಕಾಗಿಲ್ಲ ಎಂದನು. ನಾನು ಉತ್ತರ ಕೊಡದೆ ಮೆಟ್ಟಿಲಿಳಿದೆನು. ಸಿಟ್ಟೆಂದು ಅವನು ತಿಳಿದನು, ಸಿಟ್ಟಲ್ಲ.

ಗಣೇಶನ ಹಬ್ಬದ ದಿನವೇ ಈ ಪ್ರಶ್ನೆ ಬೇರೊಂದು ರೂಪದಲ್ಲಿ ನನ್ನನ್ನು ಕಾಡಿತ್ತು. ಸಂಕಲ್ಪದಲ್ಲಿ ನಾವು ಗೋದಾವರಿಯ ದಕ್ಷಿಣ ತೀರವನ್ನು ಹೇಳಿಕೊಳ್ಳುವವರು. ಅಲ್ಲಿ ಕುಳಿತು ಹಾಗೆಂದರೆ ಸುಳ್ಳಾಗದೇ? ಹೇಗೋ ಗೊಣಗಿ ದಾಟಿಸಿದ್ದೆನು. ಆ ಊರಿನಲ್ಲಿ ರೂರ್ ಎಂಬ ನದಿಯು ರೈನನ್ನು ಸೇರುವುದು. ನಮ್ಮ ಕೂಡಲಿಯಂತೆಯೇ ಸಂಗಮವೆಂದು ಆಸೆಯಿಂದ ನೋಡಲು ಹೋದೆನು. ಗುಡಿಯಿಲ್ಲ, ಮೆಟ್ಟಿಲಿಲ್ಲ; ಕಿತ್ತಳೆ ಬಣ್ಣದ ಎತ್ತರದ ಉಕ್ಕಿನ ಫಲಕವೊಂದು ನಿಂತಿದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ಎರಡು ಹೆಸರೂ ಉಳಿದವು. ಇಲ್ಲಿ ರೂರ್ ತನ್ನ ಹೆಸರನ್ನು ದಡದಲ್ಲಿಯೇ ಬಿಟ್ಟು ಹೋಗುವುದು.

ದೀಪಾವಳಿಯ ಅಮಾವಾಸ್ಯೆಯು ಆ ವರ್ಷ ನವೆಂಬರ್ ಒಂದರಂದು ಬಂದಿತು. ನಮಗೆ ರಾಜ್ಯೋತ್ಸವವೂ ಅಂದೇ. ಅಲ್ಲಿಯ ಕ್ಯಾಥೊಲಿಕರಿಗೆ ಸಕಲ ಸಂತರ ದಿನ. ಸಂಜೆ ಆ ವೃದ್ಧೆ ಗಂಡನ ಸಮಾಧಿಗೆ ಹೊರಟಾಗ ನಾವೂ ಜೊತೆಗೆ ಹೋದೆವು. ಸ್ಮಶಾನದ ತುಂಬ ಕೆಂಪು ಗಾಜಿನ ಹಣತೆಗಳು ಮಿನುಗುತ್ತಿದ್ದವು. ದೀಪಾವಳಿಯಲ್ಲಿ ಪಿತೃಗಳಿಗೆ ದಾರಿ ತೋರಲು ಉಲ್ಕೆಯನ್ನು ಹಿಡಿಯಬೇಕೆಂದು ನಮ್ಮ ಧರ್ಮಶಾಸ್ತ್ರದಲ್ಲಿಯೂ ಹೇಳಿದೆ. ಈಗ ಹಿಡಿಯುವವರು ಎಷ್ಟು ಮಂದಿ? ಮನೆಗೆ ಬಂದು ಲಕ್ಷ್ಮೀಪೂಜೆಗೆ ಮಗನನ್ನು ಕೂರಿಸಿದೆನು. ಸಂಕಲ್ಪದಲ್ಲಿ ತಡೆದು ನನ್ನ ಮುಖ ನೋಡಿದನು. "ರೈನಿನ ಪೂರ್ವತೀರ ಅನ್ನು. ಇರೋದು ಅಲ್ಲೇ ತಾನೆ?" ಎಂದೆನು. ಅವನು ಹಾಗೆಯೇ ಹೇಳಿದನು, ದನಿ ನಡುಗಿತು. ಅರ್ಜಿಯ ವಿಷಯವಾಗಿ ನಾವು ಮತ್ತೆ ಮಾತನಾಡಲಿಲ್ಲ.

ನಾವು ಹೊರಡುವ ಎರಡು ದಿನ ಮುಂಚೆ ಸಂತ ಮಾರ್ಟಿನನ ಹಬ್ಬ. ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರಗಳನ್ನು ಕೋಲಿಗೆ ಕಟ್ಟಿ ಹಾಡುತ್ತ ಬೀದಿಯಲ್ಲಿ ನಡೆದರು. ನಮ್ಮವಳ ಲಾಂದ್ರದ ಮೇಲೆ ಆನೆಯಿತ್ತು.

ಈ ತಿಂಗಳು ಅವಳಿಂದ ಕಾಗದ ಬಂದಿದೆ. ವಿಳಾಸವನ್ನು ಸೊಸೆ ಇಂಗ್ಲಿಷಿನಲ್ಲಿ ಬರೆದು, ಅದರ ಮೇಲೆ ಮಗುವಿನಿಂದ ಊರಿನ ಹೆಸರನ್ನು ಕನ್ನಡದಲ್ಲಿ ಬರೆಸಿದ್ದಾಳೆ. ರಕಾರದ ಒತ್ತು ಬಿಟ್ಟುಹೋಗಿ 'ಭದಾವತಿ' ಎಂದಾಗಿದೆ. ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತು ಸಲ ಬರೆದು ಕಳುಹಿಸತಕ್ಕದ್ದೆಂದು ಉತ್ತರವನ್ನು ಅಂಚೆಗೆ ಹಾಕಿದ್ದೇನೆ.