ಹೊಸಾ ಚಿಲ್ಲರದ ಡಬ್ಬಿ

ಮೊನ್ನೆ ಬಾಜೂ ಮನಿ ವೈನಿ ಚಹಾ ಕುಡಿಯೂಮುಂದ ಕೇಳಿದ್ರು. "ನಮ್ಮ ಹುಡುಗ ಬ್ಯಾಂಕಿಂದ ಇಪ್ಪತ್ತರ ಹೊಸಾ ನಾಣ್ಯ ಹತ್ತು ಸಾವಿರದ್ದು ತರತೇನಂತಾನ. ಹಂಗ ಇಟ್ರ ಮುಂದ ಬೆಲಿ ಬರತದಂತ. ಖರೇನ ಏನ್ರೀ?" ನನಗ ನಗು ಬಂತು. ಆ ಭಾರ ನಾನೂ ಹೊತ್ತಾಕಿನ.

2014ರಾಗ ನಮ್ಮ ಅಕ್ಕನ ಮಗ ಬೆಳಗಾವಿಂದ ಹತ್ತರ ಹೊಸಾ ನಾಣ್ಯ 500 ತಂದುಕೊಟ್ಟ. ಹಾಲು ಮಾರಿ ಕೂಡಿಸಿದ ಐದು ಸಾವಿರ ಅವನ ಕೈಯಾಗ ಇಟ್ಟಿದ್ದೆ. ಎಲ್ಲಾ ಕೂಡಿ ನಾಕು ಕಿಲೋದ ಹತ್ತಿರ ತೂಕ. ಸ್ಟೀಲಿನ ಡಬ್ಬಿ ತುಂಬಿ ಅಕ್ಕಿ ಡ್ರಮ್ಮಿನ ತಳಕ್ಕ ಇಟ್ಟೆ. ಬಂಗಾರ ಇಟ್ಟಷ್ಟು ಸಮಾಧಾನ ಆಗಿತ್ತು.

2017ರ ಮಳಿಗಾಲದಾಗ ಒಂದು ರಾತ್ರಿ ಮನಿಯವರಿಗೆ ಉಸಿರು ಹಿಡೀತು. ಲೋಂಡಾದಿಂದ ಬೆಳಗಾವಿಗೆ ಗಾಡಿ ಮಾಡ್ಕೊಂಡು ಓಡಿದ್ವಿ. ಇದ್ದ ನೋಟೆಲ್ಲಾ ಗಾಡಿಗೆ, ದವಾಖಾನಿಗೆ ಮುಗದ್ವು. ಔಷಧಕ್ಕ 1,800 ರೂಪಾಯಿ ಅಂದ್ರು. ಡಬ್ಬಿ ಎತ್ತಿ ಕಟ್ಟಿಮ್ಯಾಲ ಇಟ್ಟೆ. ಅಂಗಡಿಯವ ನೋಡಿ, "ಹತ್ತರ ನಾಣ್ಯ ನಡಿಯೂದಿಲ್ರೀ ಅಕ್ಕಾರ" ಅಂದ. ನನ್ನ ಕಾಲಾಗಿನ ಶಕ್ತೀನ ಹೋತು. ಖಾನಾಪುರದಾಕಿ ಒಬ್ಬಾಕಿ, ತನ್ನ ಅತ್ತಿ ಸಲುವಾಗಿ ಬಂದಾಕಿ, ನೋಟು ಕೊಟ್ಟು ನನ್ನ ಕಾಪಾಡಿದ್ಲು. ಆಕಿ ಋಣ ವಾರದಾಗ ತೀರಿಸಿದೆ, ಆದ್ರ ಆ ಹೊತ್ತು ಮರಿಯೂದಿಲ್ಲ.

ನಾಣ್ಯ ಖೊಟ್ಟಿ ಇರಲಿಲ್ಲ. ಹತ್ತರ ನಾಣ್ಯದ 14 ನಮೂನಿನೂ ನಡೀತಾವ ಅಂತ ರಿಜರ್ವ್ ಬ್ಯಾಂಕ್ 2018ರ ಜನವರಿಯಾಗ ಸಾರಿ ಹೇಳಿತು. ಆದ್ರ ಇನ್ನೊಂದು ಮಾತು ಆಮ್ಯಾಲ ಗೊತ್ತಾತು. 2011ರ ನಾಣ್ಯ ಕಾಯ್ದೆ ಪ್ರಕಾರ ರೂಪಾಯಿ ಮತ್ತ ಅದಕ್ಕ ಮ್ಯಾಲಿನ ನಾಣ್ಯದಾಗ ಸಾವಿರ ರೂಪಾಯಿತನಕಾನ ಕೊಡಬಹುದು. ಅದಕ್ಕ ಹೆಚ್ಚಿಗೆ ತೊಗೊ ಅಂತ ಯಾರಿಗೂ ಜುಲ್ಮಿ ಮಾಡಾಕ ಬರೂದಿಲ್ಲ.

ಲೆಕ್ಕಾನೂ ನೋಡ್ರಿ. ಅದ 2014ರಾಗ ಪೋಸ್ಟಿನಾಗ ಕಿಸಾನ ವಿಕಾಸ ಪತ್ರ ಮತ್ತ ಚಾಲೂ ಆತು, 100 ತಿಂಗಳಿಗೆ ದುಪ್ಪಟ್ಟು. ಅಲ್ಲಿಟ್ಟಿದ್ರ ನನ್ನ ಐದು ಹತ್ತು ಸಾವಿರ ಆಗತಿತ್ತು. ಡಬ್ಬಿ ಒಳಗಿದ್ದದ್ದು ಐದ ಉಳೀತು, ಅಕ್ಕಿ ಮಾತ್ರ ತುಟ್ಟಿ ಆತು. ಬ್ಯಾಂಕಿನ್ಯಾಗ ಚೀಲಗಟ್ಟಲೆ ಸಿಗೂ ನಾಣ್ಯಕ್ಕ ಹೆಚ್ಚಿನ ಬೆಲಿ ಯಾರು ಕೊಡಬೇಕು? "ಹಳೇ ನಾಣ್ಯಕ್ಕ ಲಕ್ಷ ಕೊಡತೇವಿ, ಮೊದಲ ಫೀ ಕಟ್ಟರಿ" ಅನ್ನೂ ಫೋನ್ ಬಂದ್ರ ಅದು ಮೋಸ. ರಿಜರ್ವ್ ಬ್ಯಾಂಕ್ 2021ರಾಗ ಎಚ್ಚರಿಕಿ ಕೊಟ್ಟೈತಿ.

ಅಮೆರಿಕಾದವ್ರೂ ಶಾಣ್ಯಾ ಇರಲಿಲ್ಲ. ಅಲ್ಲಿ ಟಂಕಸಾಲಿ ಡಾಲರ್ ನಾಣ್ಯ ಮನಿಗೇ ಕಳಸತಿತ್ತು. ಕೆಲವರು ಕ್ರೆಡಿಟ್ ಕಾರ್ಡಿನಿಂದ ತರಿಸಿ, ಪಾಯಿಂಟ್ ಗಳಿಸಿ, ನಾಣ್ಯ ಸೀದಾ ಬ್ಯಾಂಕಿಗೆ ಕಟ್ಟಿದ್ರು. 2011ರಾಗ ಕಾರ್ಡ್ ಬಂದ್ ಮಾಡಿದ್ರು.

ಹಂಗಂತ ನಾಣ್ಯ ಬ್ಯಾಡ ಅನ್ನೂದಿಲ್ಲ. ಅಂಗಡಿ ಇದ್ದವರಿಗೆ ಚಿಲ್ಲರ ಬೇಕ ಬೇಕು. ಉಡಿ ತುಂಬಾಕ ಹೊಸಾ ನಾಣ್ಯ ಚಂದ. 2006ರಾಗ ಬಂದ ಬಸವಣ್ಣನವರ ಐದು ರೂಪಾಯಿ ಒಂದು ನಮ್ಮತ್ತಿ ದೇವರ ಜಗಲಿಮ್ಯಾಲ ಇಟ್ಟು ಹೋಗ್ಯಾರ. ಅದನ್ನ ನಾ ಯಾರಿಗೂ ಕೊಡೂದಿಲ್ಲ. ಅದು ರೊಕ್ಕ ಅಲ್ಲ, ಅವರ ಕೈ.

ವೈನಿ ಎಲ್ಲಾ ಕೇಳಿ ಎದ್ದು ಹೋದ್ರು. ನಿನ್ನೆ ಬಂದು ಹೊಸಾ ಇಪ್ಪತ್ತರದ್ದು ಎರಡು ನನ್ನ ಕೈಯಾಗಿಟ್ರು. "ಹತ್ತ ನಾಣ್ಯ ತರಿಸೇನ್ರೀ, ಉಳದದ್ದು ಪೋಸ್ಟಿಗೆ."